ದಡದಲ್ಲಿ ಬಿಟ್ಟ ಕೋಟುಗಳು

ಜೂನ್ 3

ಕ್ಯಾಪ್ಟನ್ ಆದ ನನ್ನ ಮಗಳಿಗೆ,

ಇದು ಕೆಲಸದ ಕಾಗದ. ಮೂರು ವರ್ಷದಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ನನಗೊಂದು ವಿಷಯ ತಿಳಿಯಬೇಕಾಗಿದೆ, ಅದನ್ನು ಬಲ್ಲವರು ನನಗೆ ಗೊತ್ತಿರುವವರಲ್ಲಿ ನೀನೊಬ್ಬಳೇ. ಎದೆಮಟ್ಟದ ನೀರಿನಲ್ಲಿ ನಡೆದು ನದಿ ದಾಟುವ ಸಿಪಾಯಿ ಬಂದೂಕನ್ನು ಹೇಗೆ ಹಿಡಿಯುತ್ತಾನೆ? ಎರಡೂ ಕೈಯಲ್ಲಿ ತಲೆಯ ಮೇಲೋ, ಒಂದು ಕೈಯಲ್ಲಿ ಹೆಗಲ ಮೇಲೋ? ಪುಸ್ತಕಗಳಲ್ಲಿರುವ ಚಿತ್ರಗಳನ್ನೆಲ್ಲ ನೋಡಿದೆ. ಅವನ್ನು ಬರೆದ ಮಹಾನುಭಾವರು ಬಚ್ಚಲಿನ ನೀರಿಗಿಂತ ಆಳಕ್ಕೆ ಇಳಿದವರಲ್ಲ.

ಕೇಳುವ ಕಾರಣ ಇಷ್ಟು. ನಿನ್ನ ರೆಜಿಮೆಂಟಿನವರೇ ನನಗೆ ಕೆಲಸ ಕೊಟ್ಟಿದ್ದಾರೆ. ನೀನು ನನ್ನ ಮಗಳು ಅನ್ನುವುದು ಅವರಿಗೆ ಆಮೇಲೆ ಗೊತ್ತಾಗಿದ್ದು, ಹಾಗಾಗಿ ಶಿಫಾರಸಿನ ಮಾತಿಲ್ಲ. ಅವರ ಊಟದ ಮನೆಯ ದೊಡ್ಡ ಗೋಡೆಗೆ, ನೂರಿಪ್ಪತ್ತು ವರ್ಷದ ಹಿಂದೆ ನಿಮ್ಮವರು ಮುಂಜಾನೆ ನದಿ ದಾಟಿ ಆಚೆ ದಡದ ಕೋಟೆ ಹಿಡಿದ ದೃಶ್ಯ ಬೇಕಂತೆ. ನಲವತ್ತು ವರ್ಷದಿಂದ ಯುದ್ಧ ಬರೆದುಕೊಂಡೇ ಬದುಕಿದ್ದೇನೆ, ಇಷ್ಟಗಲದ ಗೋಡೆ ಸಿಕ್ಕಿದ್ದು ಇದೇ ಮೊದಲು. ನನ್ನ ಬಲಭುಜದ ಸ್ಥಿತಿ ನೋಡಿದರೆ ಕೊನೆಯದೂ ಇದೇ.

ನನ್ನ ಪದ್ಧತಿ ನಿನಗೆ ಗೊತ್ತೇ ಇದೆ. ಬಟ್ಟೆ ಹೊಲಿಯದೆ ಚಿತ್ರ ಬರೆಯುವುದಿಲ್ಲ. ಕೆಳಗಿನ ಅಂಗಡಿಯ ದರ್ಜಿ ಮಾಮನ ಜೊತೆ ಕೂತು ಆ ಕಾಲದ ಕೆಂಪು ಉಣ್ಣೆಯ ಕೋಟು ಹೊಲಿಯುತ್ತಿದ್ದೇನೆ. ಎರಡು ಸಾಲು ಹಿತ್ತಾಳೆ ಬಟನ್ನು, ಮೊಣಕಾಲವರೆಗೂ ಇಳಿಯುವ ಅಂಚು. ಅವನ ಹೊಲಿಗೆ ಯಂತ್ರದ ಸೂಜಿ ಮುರಿದಾಗಲೆಲ್ಲ "ಅಕ್ಕಾ, ಆ ಕಾಲದ ದರ್ಜಿಗಳು ಯುದ್ಧಕ್ಕಿಂತ ಮುಂಚೇನೇ ಸತ್ತಿರ್ತಾರೆ ಬಿಡಿ" ಅನ್ನುತ್ತಾನೆ.

ಬಂದೂಕಿನ ವಿಷಯ ಬೇಗ ತಿಳಿಸು.

ಚಿತ್ರ ಬರೆಯುವವಳು,
(ನಿನಗೆ ಅಮ್ಮನೂ ಆಗಬೇಕು)

ಜೂನ್ 19

ಅಮ್ಮನಿಗೆ,

ಕೆಲಸದ ಕಾಗದಕ್ಕೆ ಕೆಲಸದ ಉತ್ತರ. ಬಂದೂಕು ಕುತ್ತಿಗೆಯ ಹಿಂದೆ, ಎರಡು ಹೆಗಲಿಗೂ ಅಡ್ಡವಾಗಿ ಇರುತ್ತದೆ. ಒಂದು ಕೈ ಅದರ ಮೇಲೆ, ಇನ್ನೊಂದು ಹಗ್ಗದ ಮೇಲೆ. ಎರಡೂ ಕೈ ತಲೆಯ ಮೇಲೆ ಎತ್ತಿದವನು ಸೆಳೆತಕ್ಕೆ ಕಾಲೂರಿ ನಿಲ್ಲಲಾರ. ಅಂಥವನು ದಡ ಸೇರುವುದು ಚಿತ್ರದಲ್ಲಿ ಮಾತ್ರ.

ಆದರೆ ನೀನು ಕೇಳಬೇಕಾದ ಪ್ರಶ್ನೆ ಅದಲ್ಲ. ಆ ಕೋಟು ತೊಟ್ಟುಕೊಂಡು ಯಾರಾದರೂ ನದಿಗೆ ಇಳಿಯುತ್ತಾರೆಯೇ? ನನ್ನದು ಸೇತುವೆ ಕಟ್ಟುವ ತುಕಡಿ, ನೀರಿನಲ್ಲೇ ನಮ್ಮ ಸಂಸಾರ. ನಾವು ಮೊದಲು ಮಾಡುವ ಕೆಲಸ ಭಾರದ್ದನ್ನೆಲ್ಲ ಬಿಚ್ಚಿ ದಡದಲ್ಲಿ ಇಡುವುದು. ನೂರಿಪ್ಪತ್ತು ವರ್ಷದ ಹಿಂದಿನವರಿಗೂ ಅಷ್ಟು ಬುದ್ಧಿ ಇದ್ದಿರಬೇಕು.

ಇನ್ನೊಂದು ಸಮಾಚಾರ. ತರಬೇತಿಯ ಮೊದಲ ವಾರ ಮೇಷ್ಟರು "ಗುಂಡು! ಬಿದ್ಕೊಳ್ಳಿ!" ಎಂದು ಕೂಗಿದರು. ಎಲ್ಲರೂ ಧಡಬಡ ಬಿದ್ದರು. ನಾನು ಅಭ್ಯಾಸಬಲದಿಂದ ನೀನು ಕಲಿಸಿದ ಹಾಗೆ ಬಿದ್ದೆ. ಒಂದು ತೋಳು ಸೊಂಟದ ಕೆಳಗೆ, ಬಾಯಿ ಅರೆ ತೆರೆದು, ಉಸಿರು ಹೊಟ್ಟೆಯಲ್ಲಿ. ಸ್ಟ್ರೆಚರ್ ಬಂತು, ಡಾಕ್ಟರ್ ಓಡಿ ಬಂದರು. ಆವತ್ತಿನಿಂದ ನನಗಿಲ್ಲಿ "ಹೆಣ" ಎಂದೇ ಅಡ್ಡಹೆಸರು. ಆರು ವರ್ಷದವಳಿದ್ದಾಗಿನಿಂದ ನಿನ್ನ ಚಿತ್ರಗಳಲ್ಲಿ ಸತ್ತು ಬಿದ್ದಿದ್ದವಳು ನಾನೇ ಎಂದು ಇವರಿಗೆ ಹೇಗೆ ಹೇಳಲಿ? ಮೀಸೆ ಅಂಟಿಸಿ, ಗಡ್ಡ ಅಂಟಿಸಿ, ಯಾವ ಯಾವ ದೇಶದ ಸಿಪಾಯಿಯಾಗಿ ನೆಲದ ಮೇಲೆ ಮಲಗಿಲ್ಲ ನಾನು!

ಆಗ ಹೆದರದವಳು, ನಾನು ನಿಜವಾದ ಸಮವಸ್ತ್ರ ತೊಟ್ಟ ದಿನ ಬಾಗಿಲವರೆಗೂ ಬರಲಿಲ್ಲ. ಕುಂಚ ತೊಳೆಯುತ್ತಿದ್ದೀಯ ಎಂದು ದರ್ಜಿ ಮಾಮ ಹೇಳಿದರು. ಆ ಕುಂಚ ತೊಳೆದಾಯಿತೇ?

ನಿನ್ನ ಮಾಡೆಲ್

ಜುಲೈ 11

ಮಗಳಿಗೆ,

ನಿನ್ನ ಪ್ರಶ್ನೆಯನ್ನು ನದಿಯ ಹತ್ತಿರವೇ ಕೇಳಿಬಿಟ್ಟೆ. ಕೋಟು ತೊಟ್ಟುಕೊಂಡು ನಾನೇ ನೀರಿಗಿಳಿದೆ. ಊರಾಚೆ, ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ. ನನ್ನ ಸೊಂಟಕ್ಕೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ದರ್ಜಿಯ ಕೈಗೆ ಕೊಟ್ಟಿದ್ದೆ. ಮೊಣಕಾಲವರೆಗೆ ರಾಣಿಯ ಹಾಗೆ ಹೋದೆ. ಸೊಂಟಮಟ್ಟಕ್ಕೆ ಬಂದಾಗ ಉಣ್ಣೆ ನೀರು ಕುಡಿಯತೊಡಗಿತು. ಎದೆಮಟ್ಟಕ್ಕೆ ಹೋಗುವಷ್ಟರಲ್ಲಿ ಯಾರೋ ನಾಲ್ಕು ಜನ ಅಂಚು ಹಿಡಿದು ಕೆಳಗೆ ಎಳೆಯುತ್ತಿರುವಂತಾಯಿತು. ಕಾಲು ಜಾರಿತು. ದರ್ಜಿ ಹಗ್ಗ ಎಳೆಯುವುದನ್ನು ಬಿಟ್ಟು "ಅಯ್ಯೋ ಅಕ್ಕಾ, ಬಟನ್ನು ಬಿಚ್ಚಿ, ಬಟನ್ನು!" ಎಂದು ದಡದಲ್ಲಿ ಕುಣಿದಾಡುತ್ತಿದ್ದ. ಹೊಸ ಹಿತ್ತಾಳೆ ಬಟನ್ನು, ಒದ್ದೆ ಕಾಜಾ, ನಡುಗುವ ಬೆರಳು. ಒಂದೂ ಬಿಚ್ಚಲಿಲ್ಲ. ಕೊನೆಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಬಂದು ನನ್ನ ಕತ್ತಿನಪಟ್ಟಿ ಹಿಡಿದು ಎಳೆದುಹಾಕಿದಳು. "ಈ ವಯಸ್ಸಲ್ಲಿ ಇದೆಲ್ಲಾ ಯಾಕಮ್ಮಾ?" ಎಂದು ಕೇಳಿದಳು. ಕಲೆ ಎಂದು ಹೇಳಲು ಬಾಯಲ್ಲಿ ನೀರು ತುಂಬಿತ್ತು.

ನೀನು ಹೇಳಿದ್ದೇ ಸರಿ. ಅವರು ಕೋಟು ಬಿಚ್ಚಿಟ್ಟೇ ಹೋಗಿದ್ದಾರೆ. ಆ ಯುದ್ಧದಲ್ಲಿದ್ದ ಸಿಪಾಯಿಯೊಬ್ಬ ಮುದುಕನಾದ ಮೇಲೆ ಹೇಳಿದ ಮಾತಿನಲ್ಲೂ ಅದೇ ಇದೆಯಂತೆ, ಅಂಗಿಯಲ್ಲೇ ದಾಟಿದೆವು ಎಂದು. ಇಷ್ಟು ವರ್ಷ ಯಾವ ಚಿತ್ರಕಾರನೂ ಅದಕ್ಕೆ ಕಿವಿಗೊಟ್ಟಿಲ್ಲ. ಕೆಂಪು ಬಣ್ಣ ಬಿಡಲು ಮನಸ್ಸಾಗಿರಲಿಕ್ಕಿಲ್ಲ.

ಒದ್ದೆ ಕೂದಲಲ್ಲೇ ಮೆಟ್ಟಿಲು ಹತ್ತಿ ಬಂದು, ಬರೆದಿದ್ದನ್ನೆಲ್ಲ ಅಳಿಸಿ ಹಾಕಿದೆ. ಈಗ ನನ್ನ ಚಿತ್ರದಲ್ಲಿ ಮುಂಜಾನೆ ಇಲ್ಲ, ಸಂಜೆ. ಯುದ್ಧ ಮುಗಿದಿದೆ. ಆಚೆ ದಡದ ಕೋಟೆಯ ಮೇಲೆ ನಿಮ್ಮ ಬಾವುಟ ಹಾರುತ್ತಿದೆ, ಉಗುರಿನಷ್ಟು. ನಡುವೆ ಖಾಲಿ ನದಿ. ಈಚೆ ದಡದ ಹುಲ್ಲಿನ ಮೇಲೆ, ನೋಡುವವರ ಕಾಲ ಬುಡದಲ್ಲೇ, ಬಿಚ್ಚಿಟ್ಟ ಕೋಟುಗಳು. ತಿರುಗಿ ಬಂದವರು ತಮ್ಮ ಕೋಟು ಎತ್ತಿಕೊಂಡು ಹೋಗಿದ್ದಾರೆ, ಅಲ್ಲೆಲ್ಲ ಹುಲ್ಲು ಒತ್ತಿದ ಗುರುತು ಮಾತ್ರ ಇದೆ. ಬಾರದವರ ಕೋಟುಗಳು ಅಲ್ಲೇ ಇವೆ. ಒಂದೊಂದನ್ನೂ ಒಂದೊಂದು ಥರ ಬರೆಯುತ್ತಿದ್ದೇನೆ. ನೀಟಾಗಿ ಮಡಿಸಿದ್ದು, ಗುಂಡಗೆ ಸುತ್ತಿ ಎಸೆದದ್ದು, ಬಟನ್ನು ಕಿತ್ತುಹೋದದ್ದು.

ಚಿತ್ರದಲ್ಲಿ ಒಂದೂ ಹೆಣ ಇಲ್ಲ. ನನಗೆ ಬರೆಯಲಾಗುತ್ತಿಲ್ಲ. ನೆಲದ ಮೇಲೆ ಮಲಗುತ್ತಿದ್ದ ಮಾಡೆಲ್ ಕೆಲಸ ಬಿಟ್ಟು ಹೋಗಿದ್ದಾಳೆ.

ಕುಂಚ ತೊಳೆಯುವುದು ನಡೆದೇ ಇದೆ.

ಅಮ್ಮ

ಆಗಸ್ಟ್ 24

ಮಗಳೇ,

ನಿನ್ನಿಂದ ಉತ್ತರವಿಲ್ಲ. ನಿಮ್ಮ ತುಕಡಿಯನ್ನು ಮೇಲಕ್ಕೆ ಕಳಿಸಿದ್ದಾರೆ ಎಂದು ಯಾರೋ ಹೇಳಿದರು. ಮೇಲಕ್ಕೆ ಎಂದರೆ ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಇಲ್ಲೊಂದು ನಾಟಕವೇ ನಡೆಯಿತು. ಚಿತ್ರದ ಸಮಿತಿಯ ಅಧ್ಯಕ್ಷರು ಬಂದಿದ್ದರು, ನಿವೃತ್ತ ಜನರಲ್. ಹೆಸರು ದೊಡ್ಡದು, ಮೀಸೆ ಇನ್ನೂ ದೊಡ್ಡದು. ಹಾಗಾಗಿ ನಾನೂ ದರ್ಜಿಯೂ ಅವರನ್ನು ಮೀಸೆ ಸಾಹೇಬರು ಎನ್ನುತ್ತೇವೆ. ಅವರು ಕ್ಯಾನ್ವಾಸಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ಬಹಳ ಹೊತ್ತು ನಿಂತರು.

"ಜನ ಎಲ್ಲಿ?" ಎಂದರು.

"ಯಾವ ಜನ?"

"ನಮ್ಮ ಸಿಪಾಯಿಗಳಮ್ಮ. ನದಿ ದಾಟ್ತಿರೋರು."

"ದಾಟಾಯ್ತು ಸಾಹೇಬ್ರೆ. ಬೆಳಗ್ಗೇನೇ ದಾಟಿದ್ರು. ಈಗ ಸಂಜೆ."

ಅವರು ದಡ್ಡರಲ್ಲ. ಕೋಟುಗಳನ್ನು ನೋಡಿದರು, ಹುಲ್ಲಿನ ಗುರುತುಗಳನ್ನು ನೋಡಿದರು, ಮತ್ತೆ ಕೋಟುಗಳ ಕಡೆ ಬಂದರು. ಮೀಸೆಯ ತುದಿ ಸ್ವಲ್ಪ ಅದುರಿತು. "ಇವು ವಾಪಸ್ ಬರದೇ ಇದ್ದೋರದ್ದು" ಎಂದರು. ನಾನು ಹೌದೆಂದೆ. ಆಮೇಲೆ ಶುರುವಾಯಿತು. ಇದಲ್ಲ ನಾವು ಕೇಳಿದ್ದು, ಜನ ಬೇಕು, ಜನರ ಮೈಮೇಲೆ ಕೆಂಪು ಕೋಟು ಬೇಕು, ಬಾವುಟ ಆಳೆತ್ತರ ಇರಬೇಕು.

ಬಕೆಟ್ಟಿನಲ್ಲಿ ನೆನೆಹಾಕಿದ್ದ ಕೋಟನ್ನು ಎತ್ತಿ ಅವರ ಮುಂದೆ ಹಿಡಿದೆ. "ಇದನ್ನ ತೊಟ್ಕೊಂಡು ಎರಡೂ ಕೈ ಮೇಲೆತ್ತಿ ನೋಡೋಣ" ಎಂದೆ. ಒಪ್ಪುವುದಿಲ್ಲ ಎಂದುಕೊಂಡಿದ್ದೆ. ಆ ಮಹಾರಾಯರು ಗಡಿಯಾರ ಬಿಚ್ಚಿಟ್ಟು, ಕೋಟು ತೊಟ್ಟು, ಬಟನ್ನೆಲ್ಲ ಹಾಕಿ, ಎರಡೂ ಕೈ ಸಲೀಸಾಗಿ ಮೇಲೆತ್ತಿ ನಿಂತುಬಿಟ್ಟರು! ನೀರು ಹಲಗೆಯ ಸಂದಿನಿಂದ ಸೋರಿ ಕೆಳಗೆ ದರ್ಜಿಯ ತಲೆಯ ಮೇಲೆ ಬಿತ್ತು. "ಅಕ್ಕಾ, ಗಿರಾಕಿ ಬಟ್ಟೆ!" ಎಂದು ಅವನು ಕೆಳಗಿನಿಂದ ಅರಚಿದ. ನನ್ನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ತೊಟ್ಟಿಕ್ಕುವ ಕೋಟಿನಲ್ಲೇ ನಿಂತು ಅವರು ಹೇಳಿದರು: "ಭಾರ ಇದೆ. ಕೋಟು ಬಿಚ್ಚಿಟ್ಟೇ ದಾಟಿದ್ರು ಅಂತ ನಂಗೂ ಗೊತ್ತು. ನಾನೂ ನದಿ ದಾಟಿದವನೇ. ಆದ್ರೆ ನಿಜಾನೆಲ್ಲ ತಂದು ಊಟದ ಮನೇಲಿ ನೇತು ಹಾಕಕ್ಕಾಗಲ್ಲ. ಇಪ್ಪತ್ತು ವರ್ಷದ ಮಕ್ಕಳು ಕೂತು ಉಣ್ಣೋ ಜಾಗ ಅದು."

"ಆ ಮಕ್ಕಳ ಕೋಟೇ ತಾನೆ ಸಾಹೇಬ್ರೆ ಇದು?" ಎಂದೆ.

ಅವರ ಕೊನೆಯ ಮಾತು: ಹೊಸ ವರ್ಷದೊಳಗೆ ತಿದ್ದಿ ಕೊಡಬೇಕು, ಇಲ್ಲದಿದ್ದರೆ ಗೋಡೆ ಬೇರೆಯವರಿಗೆ ಹೋಗುತ್ತದೆ. ನನ್ನ ಕೊನೆಯ ಮಾತು: ಆಗುವುದಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿದೆ. ನನ್ನ ಇಡೀ ಜೀವಮಾನದ ಗೋಡೆ ಅದು. ಹೋದರೆ ಹೋಗಲಿ.

ಉತ್ತರ ಬರೆ. ಒಂದು ಗೀಟು ಎಳೆದು ಕಳಿಸಿದರೂ ಸಾಕು.

ಅಮ್ಮ

ಸೆಪ್ಟೆಂಬರ್ 15

ಅಮ್ಮ,

ನಿನ್ನ ಎರಡು ಕಾಗದವೂ ಒಟ್ಟಿಗೆ ಬಂದವು. ಇಲ್ಲಿಗೆ ಟಪಾಲು ಹೇಸರಗತ್ತೆಯ ಬೆನ್ನ ಮೇಲೆ ಬರುತ್ತದೆ. ಫೋನಿಲ್ಲ.

ನಿನ್ನ ಜೊತೆ ಮಾತಾಡಿ ಒಪ್ಪಿಸು ಎಂದು ನಮ್ಮ ಕರ್ನಲ್ ಹೇಳಿಕಳಿಸಿದ್ದಾರೆ. ಅದು ಅವರ ಮಾತು, ಹೇಳಿದ್ದೇನೆ. ಇನ್ನು ಮುಂದಿನದು ನನ್ನದು, ಯಾರೂ ಬರೆಸಿದ್ದಲ್ಲ.

ಕೋಟು ಹಾಕಿಸಿಬಿಡು, ಅಮ್ಮ.

ಆ ಊಟದ ಮನೆಯಲ್ಲಿ ನಾನು ಊಟ ಮಾಡಿದ್ದೇನೆ. ಇಲ್ಲಿಗೆ ಬರುವ ಹಿಂದಿನ ದಿನವೂ ಅಲ್ಲೇ ಕೂತಿದ್ದೆವು. ಯಾರಿಗೂ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಆದರೂ ಜೋಕು ಮಾಡಿಕೊಂಡು ಎಲ್ಲರೂ ತಿಂದೆವು. ಎದುರಿನ ಗೋಡೆ ಖಾಲಿ ಇತ್ತು. ಆ ಗೋಡೆಯ ಮೇಲೆ ನನ್ನ ಹುಡುಗರಿಗೆ ಒಂದು ಸುಳ್ಳು ಸಿಕ್ಕಿದ್ದರೆ ನಾನು ಬೇಡ ಎನ್ನುತ್ತಿರಲಿಲ್ಲ. ಕೆಂಪು ಕೋಟು, ಹೊಳೆಯುವ ಬಟನ್ನು, ಒಬ್ಬನೂ ಬೀಳದ ಯುದ್ಧ. ನಿನಗೆ ಅದನ್ನು ಬರೆಯಲು ಬರುವುದಿಲ್ಲವೇ? ನನ್ನ ಬಾಲ್ಯವೆಲ್ಲ ನೀನು ಬರೆದದ್ದು ಅದನ್ನೇ. ನಾನು ನೆಲದ ಮೇಲೆ ಸತ್ತು ಬಿದ್ದು ಮೇಲೆ ನೋಡುತ್ತಿದ್ದಾಗ ನಿನ್ನ ಕುದುರೆಗಳು, ಬಾವುಟಗಳು ಎಷ್ಟು ಚೆನ್ನಾಗಿ ಕಾಣುತ್ತಿದ್ದವು ಗೊತ್ತೇ? ನಾನು ಸೈನ್ಯಕ್ಕೆ ಸೇರಿದ್ದು ಎಲ್ಲಿಂದ ಎಂದುಕೊಂಡಿದ್ದೀಯ? ನಿನ್ನ ಕೋಣೆಯ ನೆಲದಿಂದ.

ಈಗ ನಿನಗೆ ಹೆದರಿಕೆಯಾಗಿದೆ. ಒಪ್ಪಿದೆ. ಆದರೆ ನಿನ್ನ ಹೆದರಿಕೆಯನ್ನು ಗೋಡೆಯಗಲ ಬರೆದು ನಮ್ಮೆಲ್ಲರ ತಲೆಗೆ ಕಟ್ಟಬೇಡ.

ನಿನ್ನ ಮಗಳು

ಸೆಪ್ಟೆಂಬರ್ 30

ಮಗಳೇ,

ಹೌದು, ಹೆದರಿಕೆ. ಕೇಳಿದೆಯಲ್ಲ, ಕೇಳಿಸಿಕೋ.

ಆ ದಿನ ನೀನು ಸಮವಸ್ತ್ರ ತೊಟ್ಟು ಮೆಟ್ಟಿಲ ಹತ್ತಿರ ನಿಂತೆ. ನಾನು ಬಾಗಿಲ ಸಂದಿನಿಂದ ನೋಡಿದೆ. ಕಿಟಕಿಯ ಬೆಳಕು ನಿನ್ನ ಎಡಭುಜದ ಮೇಲೆ ಬಿದ್ದಿತ್ತು. ನನ್ನ ಕಣ್ಣು, ಈ ಹಾಳು ನಲವತ್ತು ವರ್ಷದ ಕಣ್ಣು, ತಾಯಿಯ ಹಾಗೆ ನೋಡಲಿಲ್ಲ. ಇವಳನ್ನು ಎಲ್ಲಿ ಮಲಗಿಸಿದರೆ ಈ ಬೆಳಕು ಸರಿಯಾಗಿ ಕೂರುತ್ತದೆ ಎಂದು ಜಾಗ ಹುಡುಕಿತು. ಅದಕ್ಕೇ ಒಳಗೆ ಹೋಗಿ ತೊಳೆದ ಕುಂಚವನ್ನೇ ಮತ್ತೆ ಮತ್ತೆ ತೊಳೆದೆ. ಆವತ್ತಿನಿಂದ ಈ ಕೈಯಲ್ಲಿ ಒಂದೂ ಹೆಣ ಬರೆದಿಲ್ಲ, ಇನ್ನು ಬರೆಯುವುದೂ ಇಲ್ಲ. ಇದು ಕ್ಷಮೆ ಕೇಳುವ ಮಾತಲ್ಲ, ನೀನು ಕೇಳಿದ ಪ್ರಶ್ನೆಗೆ ಉತ್ತರ.

ಇನ್ನು ನಿನ್ನ ಸುಳ್ಳಿನ ವಿಷಯ. ನಾನು ಬರೆದ ಬಾವುಟ ನೋಡಿ ನೀನು ಸೈನ್ಯ ಸೇರಿದೆ ಎಂದು ಬರೆದಿದ್ದೀಯ. ಹಾಗಿದ್ದ ಮೇಲೆ, ಇನ್ನೊಬ್ಬಳ ಮಗಳು ನೋಡಲು ಇನ್ನೊಂದು ಬಾವುಟ ಬರೆಯೆಂದು ನನಗೇ ಹೇಳುತ್ತೀಯಲ್ಲ! ಕತ್ತು ಕುಯ್ದರೂ ಆಗುವುದಿಲ್ಲ. ಮೀಸೆ ಸಾಹೇಬರಿಗೂ ಇಲ್ಲ, ಕರ್ನಲ್‌ಗೂ ಇಲ್ಲ, ನಿನಗೂ ಇಲ್ಲ. ನಾನು ಯಾರಿಗೂ ಸೊಪ್ಪು ಹಾಕುವವಳಲ್ಲ ಎನ್ನುವುದು ನಿನಗೆ ಗೊತ್ತು, ನೀನೂ ನನ್ನ ಹೊಟ್ಟೆಯಲ್ಲೇ ಹುಟ್ಟಿದವಳು.

ಚಿತ್ರದ ಫೋಟೋ ಕಳಿಸಿದ್ದೇನೆ. ನಿನ್ನ ಹುಡುಗರಿಗೆ ತೋರಿಸು. ತಿನ್ನುವವರು ಅವರು, ಅವರೇ ಹೇಳಲಿ.

ಮೇಲೆ ಚಳಿ ಶುರುವಾಗಿರಬೇಕು. ಕಾಲುಚೀಲ ಎರಡು ಜೊತೆ ಹಾಕಿಕೋ.

ಹಟಮಾರಿ ಅಮ್ಮ

ನವೆಂಬರ್ 6

ಅಮ್ಮ,

ಫೋಟೋವನ್ನು ಊಟದ ಡೇರೆಯ ಕಂಬಕ್ಕೆ ಸಿಕ್ಕಿಸಿದೆ, ಒಂದು ಮಾತೂ ಹೇಳದೆ. ನಿನಗೆ ಬುದ್ಧಿ ಕಲಿಸಬೇಕು ಎಂದುಕೊಂಡೇ ಸಿಕ್ಕಿಸಿದ್ದು. ಅವರ ಮುಖ ಸಪ್ಪಗಾಗುತ್ತದೆ, ಅದನ್ನೇ ಬರೆದು ಕಳಿಸೋಣ ಎಂದು.

ಮೊದಲು ಬಂದವನು ಅಡುಗೆಯವನು. ಸೌಟು ಹಿಡಿದುಕೊಂಡೇ ನೋಡಿದ. "ಈ ಮಡಿಸಿರೋದು ನೋಡಿ ಮೇಡಂ, ಇವ್ನು ಅಮ್ಮನ ಕೈಲಿ ಏಟು ತಿಂದು ಬೆಳೆದವ್ನು" ಎಂದ. ನಗು ಎದ್ದಿತು. ಆಮೇಲೆ ಎಲ್ಲರೂ ತಟ್ಟೆ ಹಿಡಿದು ಬಂದರು. ಇವನು ಅವಸರದವನು, ಇವನಿಗೆ ಆವತ್ತು ಚಳಿ ಇರಲಿಲ್ಲ, ಇವನು ಪಕ್ಕದವನ ಕೋಟಿನ ಮೇಲೇ ಎಸೆದಿದ್ದಾನೆ ನೋಡು ಕಳ್ಳ. ನನ್ನ ಹವಾಲ್ದಾರ, ಯಾವತ್ತೂ ಹೆಚ್ಚು ಮಾತಾಡದವನು, ಬಟನ್ನು ಕಿತ್ತುಹೋದ ಕೋಟಿನ ಮೇಲೆ ಬೆರಳಿಟ್ಟು "ಇದು ನಂದು" ಎಂದ. ಅವನ ಕೋಟಿಗೂ ಬಟನ್ನು ನಿಲ್ಲುವುದಿಲ್ಲ. "ವಾಪಸ್ ಬಂದು ಎತ್ಕೋತೀನಿ. ಅಲ್ಲೀವರೆಗೂ ಯಾರೂ ಮುಟ್ಬೇಡಿ" ಎಂದ. ಅಷ್ಟೇ ಸಾಕಾಯಿತು. ಒಬ್ಬೊಬ್ಬರೂ ಒಂದೊಂದು ಕೋಟು ಹಿಡಿದು ಜಗಳವಾಡಿದರು. ಎಲ್ಲರೂ ಬಂದು ಎತ್ತಿಕೊಳ್ಳುವವರೇ. ಆವತ್ತು ಅನ್ನ ಸಾಲಲಿಲ್ಲ, ಇನ್ನೊಂದು ಪಾತ್ರೆ ಇಡಬೇಕಾಯಿತು.

ನೀನು ಗೆದ್ದೆ. ಹಿಗ್ಗಬೇಡ.

ಕರ್ನಲ್‌ಗೆ ಹೇಳಿಕಳಿಸಿದ್ದೇನೆ: ನಮ್ಮಮ್ಮ ಕೇಳುವುದಿಲ್ಲ, ನಾನೂ ಇನ್ನು ಹೇಳುವುದಿಲ್ಲ, ನನ್ನ ತುಕಡಿಗೆ ಈ ಚಿತ್ರವೇ ಬೇಕು ಎಂದು. ಅದಕ್ಕೆ ಉತ್ತರವಾಗಿ ನನ್ನ ರಜೆ ರದ್ದಾಗಿದೆ. ಹೊಸ ವರ್ಷಕ್ಕೆ ಬರೋಣ ಎಂದುಕೊಂಡಿದ್ದೆ, ನಿನಗೆ ಹೇಳಿರಲಿಲ್ಲ.

ಮುಂದಿನ ವಾರ ನಾವೂ ಒಂದು ನದಿ ದಾಟಬೇಕು. ಆಮೇಲೆ ಕೆಲವು ದಿನ ಕಾಗದ ಬರದಿದ್ದರೆ ಎಗರಾಡಬೇಡ.

ಅಂದಹಾಗೆ, ಬಲಗಡೆ ಮೂಲೆಯಲ್ಲಿ ಒಂದು ತೋಳು ಒಳಮಗ್ಗುಲು ಹೊರಗಾಗಿ ಬಿದ್ದಿರುವ ಕೋಟಿದೆಯಲ್ಲ, ಅದಕ್ಕೆ ಯಾರೂ ಕೈ ಹಾಕದಂತೆ ನೋಡಿಕೊಂಡೆ. ಶಾಲೆಯಿಂದ ಬಂದವಳು ಕೋಟು ಹಾಗೆ ಕಳಚಿ ಎಸೆಯುತ್ತಿದ್ದುದಕ್ಕೆ ನಿನ್ನ ಕೈಯಲ್ಲಿ ಎಷ್ಟು ಬೈಸಿಕೊಂಡಿದ್ದೇನೆ! ನಿನಗೆ ಗೊತ್ತಿದ್ದೇ ಬರೆದೆಯೋ, ಗೊತ್ತಿಲ್ಲದೆಯೋ?

ನಿನ್ನ ಮಗಳು

ನವೆಂಬರ್ 19

ಮಗಳೇ,

ಅದು ನಿನ್ನದಲ್ಲ. ಯಾರದ್ದೋ ಕೋಟು ಅದು, ಸಾವಿರ ಜನ ಹಾಗೆ ಬಿಚ್ಚುತ್ತಾರೆ. ಬೇರೆ ಯಾವುದಾದರೂ ಆರಿಸಿಕೋ. ಇಲ್ಲ, ಯಾವುದನ್ನೂ ಆರಿಸಿಕೊಳ್ಳಬೇಡ.

ನದಿ ದಾಟಿದ ಕೂಡಲೇ ಬರೆ.

ಅಮ್ಮ

ಜನವರಿ 17

ಮಗಳೇ,

ಕಾಗದ ಬಂದಿಲ್ಲ. ಎಗರಾಡುತ್ತಿಲ್ಲ. ಸೇನೆಯ ಕಚೇರಿಯ ಕಿಟಕಿಗೆ ಹೋಗಿ ಕೇಳಿದೆ. ಚಕಮಕಿ ನಡೆದಿದೆ, ತುಕಡಿಯ ಸಂಪರ್ಕವಿಲ್ಲ, ಮನೆಗೆ ಹೋಗಿ ಎಂದರು. ಮನೆಗೆ ಬಂದೆ. ಇದನ್ನು ಯಾವ ವಿಳಾಸಕ್ಕೆ ಹಾಕಬೇಕೋ ಗೊತ್ತಿಲ್ಲ, ಹಳೆಯದಕ್ಕೇ ಹಾಕುತ್ತಿದ್ದೇನೆ.

ಗೋಡೆ ಕೈತಪ್ಪಿತು. ಕ್ಯಾಲೆಂಡರಿಗೆ ಕುದುರೆ ಬರೆಯುವವನಿಗೆ ಕೊಟ್ಟಿದ್ದಾರೆ. ಮೀಸೆ ಸಾಹೇಬರೇ ಖುದ್ದಾಗಿ ಬಂದು ಹೇಳಿದರು, ಅಷ್ಟು ಮರ್ಯಾದೆ ಅವರಲ್ಲಿದೆ. "ಈಗ ಇದನ್ನೇನು ಮಾಡ್ತೀರಿ?" ಎಂದು ಕೇಳಿದರು. "ಅಡಗಿಸಿಡಲ್ಲ, ಅಷ್ಟಂತೂ ಗ್ಯಾರಂಟಿ" ಎಂದೆ.

ಅಷ್ಟಗಲದ ಚಿತ್ರ ಬಾಗಿಲಲ್ಲಿ ಹಿಡಿಸುವುದಿಲ್ಲ ಎನ್ನುವುದು ಬರೆದು ಮುಗಿಸಿದ ಮೇಲೆ ಹೊಳೆಯಿತು. ನಿನ್ನ ಅಮ್ಮನ ಬುದ್ಧಿವಂತಿಕೆ! ಬೀದಿ ಕಡೆಯ ಕಿಟಕಿಯನ್ನು ಚೌಕಟ್ಟು ಸಮೇತ ಕೀಳಿಸಿ, ಹಗ್ಗ ಕಟ್ಟಿ ಕೆಳಗಿಳಿಸಿದೆವು. ಬೀದಿಯವರೆಲ್ಲ ಕೈ ಹಾಕಿದರು. ಈ ಸಲ ದರ್ಜಿ ಹಗ್ಗ ಬಿಡಲಿಲ್ಲ. ಎದುರಿನ ಬಸ್ ನಿಲ್ದಾಣದ ಒಳಗೋಡೆಗೆ ನೇತು ಹಾಕಿದ್ದೇವೆ. ನಿಲ್ದಾಣದ ಮ್ಯಾನೇಜರು ಮೊದಲು ತಲೆ ಕೆರೆದುಕೊಂಡ, ಆಮೇಲೆ "ಸುಣ್ಣ ಬಳಿಸೋ ಖರ್ಚು ಉಳೀತು, ಹಾಕ್ಕೊಳ್ಳಿ ಅಮ್ಮ" ಎಂದ.

ರಜೆಗೆ ಬರುವ, ರಜೆ ಮುಗಿಸಿ ಹೋಗುವ ಸಿಪಾಯಿಗಳೆಲ್ಲ ಹತ್ತಿ ಇಳಿಯುವುದು ಅಲ್ಲೇ. ಅವರ ತಾಯಂದಿರೂ ಅಲ್ಲೇ ಬಂದು ನಿಲ್ಲುತ್ತಾರೆ. ಬಸ್ಸು ತಡವಾದರೆ ಚಿತ್ರದ ಮುಂದೆ ಕೂರುತ್ತಾರೆ. ಯಾರೂ ಇದುವರೆಗೆ ಬಾವುಟ ಯಾಕೆ ಚಿಕ್ಕದು ಎಂದು ಕೇಳಿಲ್ಲ. ನಾನೂ ದಿನಾ ಹೋಗಿ ಕೂರುತ್ತೇನೆ. ಚಿತ್ರ ನೋಡುವುದಕ್ಕಲ್ಲ. ಬಸ್ಸು ನೋಡುವುದಕ್ಕೆ.

ಗೊತ್ತಿದ್ದೇ ಬರೆದೆ. ತೋಳು ಒಳಮಗ್ಗುಲಾದದ್ದನ್ನು. ಮೊದಲು ಬರೆದದ್ದೂ ಅದನ್ನೇ.

ಅಮ್ಮ

ಫೆಬ್ರವರಿ 26

ಮಗಳೇ,

ನಿನ್ನೆ ಒಂದು ಸೋಜಿಗ ನಡೆಯಿತು. ಮಧ್ಯಾಹ್ನದ ಬಸ್ಸಿನಿಂದ ಒಬ್ಬ ಸಿಪಾಯಿ ಇಳಿದ. ಒಂದು ಕೈಗೆ ಬ್ಯಾಂಡೇಜು, ಇನ್ನೊಂದರಲ್ಲಿ ಟ್ರಂಕು. ಚಿತ್ರದ ಮುಂದೆ ಬಂದವನು ಟ್ರಂಕನ್ನು ಧೊಪ್ಪನೆ ಬಿಟ್ಟ. ನೇರ ಹೋಗಿ ನೀಟಾಗಿ ಮಡಿಸಿದ ಕೋಟಿನ ಮೇಲೆ ಅಂಗೈ ಇಟ್ಟ. "ಇದು ನಂದು!" ಎಂದು ಕೂಗಿದ. ಕಾದು ಕೂತವರೆಲ್ಲ ತಿರುಗಿ ನೋಡಿದರು.

ನಾನು ಓಡಿ ಹೋಗಿ ಅವನ ತೋಳು ಹಿಡಿದೆ. "ಅಡುಗೆಯವನೇನಪ್ಪಾ ನೀನು? ಅಮ್ಮನ ಕೈಲಿ ಏಟು ತಿಂದು ಬೆಳೆದವನು?" ಎಂದೆ. ಅವನು ನನ್ನನ್ನು ದಿಟ್ಟಿಸಿ, "ಹೆಣದ ಅಮ್ಮಾನಾ ನೀವು?" ಎಂದ. ಎಂದವನು ನಾಲಿಗೆ ಕಚ್ಚಿಕೊಂಡು "ಮೇಡಂ ಅವರ ಅಮ್ಮಾ?" ಎಂದು ತಿದ್ದಿಕೊಂಡ. ನೀನೆಲ್ಲಿ ಎಂದು ಕೇಳಿದೆ. ಅವನಿಗೆ ಗಾಯವಾಗಿ ಹಿಂದಕ್ಕೆ ಕಳಿಸುವಾಗ ನೀನು ನೀರಿನಲ್ಲಿ ನಿಂತು ಹಗ್ಗ ಹಿಡಿದಿದ್ದೆಯಂತೆ. ಆಮೇಲಿನದು ಅವನಿಗೆ ಗೊತ್ತಿಲ್ಲ. ಅಷ್ಟು ಸಿಕ್ಕಿತು, ಅಷ್ಟನ್ನೇ ಇಟ್ಟುಕೊಂಡೆ.

"ಎತ್ಕೋತೀನಿ ಅಂದಿದ್ದೆ ಅಮ್ಮಾ, ಬಂದಿದೀನಿ" ಎಂದು ಅವನು ಮಗುವಿನ ಹಾಗೆ ನಿಂತ. ನಾನು ಮನೆಗೆ ಹೋಗಿ ಹಸಿರು, ಹಳದಿ, ಸ್ವಲ್ಪ ಕಂದು ಕಲಸಿ ತಂದೆ. ಎಲ್ಲರ ಮುಂದೆ ಆ ಕೋಟನ್ನು ಹುಲ್ಲಿನ ಬಣ್ಣದಲ್ಲಿ ಮುಚ್ಚಿದೆ. ಈಗ ಅಲ್ಲಿ ಹುಲ್ಲು ಒತ್ತಿದ ಗುರುತು ಮಾತ್ರ ಇದೆ.

ಸುದ್ದಿ ಮುಟ್ಟಿ ಮೀಸೆ ಸಾಹೇಬರು ಇವತ್ತು ಬೆಳಗ್ಗೆಯೇ ಬಂದರು. "ಏನ್ ಮಾಡ್ತಿದೀರಿ? ಹೀಗೆ ಅಳಿಸ್ತಾ ಹೋದ್ರೆ ಚಿತ್ರದಲ್ಲಿ ಏನ್ ಉಳಿಯುತ್ತೆ?" ಎಂದರು.

"ತಿದ್ದಿ ಅಂತ ಹೇಳಿದ್ದು ನೀವೇ ಸಾಹೇಬ್ರೆ. ತಿದ್ದುತಾ ಇದೀನಿ" ಎಂದೆ. "ಎಲ್ಲ ಅಳಿಸೋ ಹಾಗಾಗಲಿ ಅಂತ ನೀವೂ ಹಾರೈಸಿ."

ಅವರು ಬೆಂಚಿನ ಮೇಲೆ ನನ್ನ ಪಕ್ಕ ಕೂತು ಎರಡು ಬಸ್ಸು ಬರುವವರೆಗೆ ಕಾದರು. ಹೋಗುವಾಗ, ಊಟದ ಮನೆಯ ಗೋಡೆಯ ಮೇಲಿನ ಕುದುರೆಗಳು ಚೆನ್ನಾಗಿ ಬಂದಿಲ್ಲ ಎಂದರು.

ತೋಳು ಒಳಮಗ್ಗುಲಾದ ಕೋಟು ಹಾಗೇ ಇದೆ. ಅದನ್ನು ನಾನು ಮುಟ್ಟುವುದಿಲ್ಲ. ಬಾರದವರದ್ದನ್ನು ಅಳಿಸಿ ಸುಳ್ಳು ಹೇಳಲಾರೆ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಾದರೂ ಅಷ್ಟೇ. ಬಾ. ಬಂದು ನಿನ್ನದನ್ನು ನೀನೇ ಎತ್ತಿಕೋ.

ಅಮ್ಮ

ಮಾರ್ಚ್ 14

ಅಮ್ಮ,

ಆಸ್ಪತ್ರೆಯ ಹಾಸಿಗೆಯಿಂದ ಬರೆಯುತ್ತಿದ್ದೇನೆ. ಎಡಗಾಲು ಮುರಿದಿದೆ, ಉಳಿದದ್ದೆಲ್ಲ ಸರಿಯಾಗಿದೆ. ನಿನ್ನ ಕಾಗದಗಳು ಹಳೆಯ ವಿಳಾಸಕ್ಕೆ ಹೋಗಿ ಅಲೆದಾಡಿ ಈಗ ಸಿಕ್ಕಿವೆ. ಮೂರನ್ನೂ ಒಂದೇ ಉಸಿರಿಗೆ ಓದಿದೆ. ಪಕ್ಕದ ಹಾಸಿಗೆಯವಳು ಯಾಕೆ ಅಳುತ್ತೀಯ, ಯಾಕೆ ನಗುತ್ತೀಯ, ಒಂದನ್ನು ಮಾಡು ಎಂದು ಬೈದಳು.

ನದಿ ದಾಟಿದೆವು. ಭಾರದ್ದನ್ನೆಲ್ಲ ದಡದಲ್ಲಿ ಬಿಚ್ಚಿಸಿಯೇ ಇಳಿಸಿದೆ. ಹೆಚ್ಚಿನವರು ವಾಪಸ್ ಬಂದಿದ್ದಾರೆ, ರಜೆ ಸಿಕ್ಕಿದಂತೆಲ್ಲ ನಿನ್ನ ನಿಲ್ದಾಣಕ್ಕೆ ಬರುತ್ತಾರೆ. ಜಗಳವಾಡಿಕೊಂಡು ಬಂದರೆ ನೀನೂ ಜಗಳವಾಡು, ಆದರೆ ಅವರವರ ಕೋಟು ಅವರವರಿಗೆ ಕೊಟ್ಟುಬಿಡು.

ಬಟನ್ನು ಕಿತ್ತುಹೋದ ಕೋಟಿಗೆ ಯಾರೂ ಬರುವುದಿಲ್ಲ. ಅದನ್ನು ಯಾರೂ ಮುಟ್ಟಬಾರದು ಎಂದು ನನ್ನ ಹವಾಲ್ದಾರ ಹೇಳಿದ್ದ. ಮೀಸೆ ಸಾಹೇಬರು ಹೇಳಲಿ, ನಾಳೆ ಯಾರೇ ಬಂದು ಹೇಳಲಿ, ಅದು ಅಲ್ಲೇ ಇರಬೇಕು.

ಮುಂದಿನ ಗುರುವಾರ ಮಧ್ಯಾಹ್ನದ ಬಸ್ಸಿಗೆ ಇಳಿಯುತ್ತೇನೆ. ಈ ಸಲ ಬಾಗಿಲವರೆಗಲ್ಲ, ಬಸ್ಸಿನ ಮೆಟ್ಟಿಲವರೆಗೂ ಬರಬೇಕು. ನನ್ನ ಊರುಗೋಲನ್ನು ದರ್ಜಿ ಮಾಮ ಹಿಡಿದುಕೊಳ್ಳಲಿ.

ಹಸಿರು ಕಲಸಿ ಇಡು. ಬಳಿಯುವವಳು ನಾನು.

ನಿನ್ನ ಮಗಳು